ಏಳು ನಾಯಕಿಯರ ಗುಣದೋಷ

ಮಧ್ಯಾಹ್ನದ ಸಭೆಯಲ್ಲಿ ನೀವೇ ಮಾತಾಡಬೇಕು ಎಂದು ಯಜಮಾನರು ಬೆಳಿಗ್ಗೆ ಬಂದವರೇ ಹೇಳಿದಾಗ ಕಾಗುಣಿತನ ಎದೆ ಧಸಕ್ಕೆಂದಿತು. ಪುಸ್ತಕ ಪ್ರಕಾಶನದ ಆ ಆಫೀಸಿನಲ್ಲಿ ಕರಡು ತಿದ್ದುವ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಒಂದು ಒತ್ತಕ್ಷರ ತಪ್ಪಿದರೆ ಹುಲಿಯಾಗುವ ಮನುಷ್ಯ, ನಾಲ್ಕು ಜನರ ಎದುರು ಬಾಯಿಬಿಡಬೇಕೆಂದರೆ ಇಲಿ.

ವಿಷಯ ಇಷ್ಟೇ. ಅವರು ಹೊರತರುತ್ತಿದ್ದ ಮಾಯಾಲೋಕದ ಕಾದಂಬರಿ ಮಾಲೆಯ ಮಾರಾಟ ಕುಸಿದಿತ್ತು. ಕಥೆಯಲ್ಲಿ ಸಾಧಾರಣ ಹುಡುಗನೊಬ್ಬ ಬೇರೊಂದು ಲೋಕಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ರಾಜಕುಮಾರಿ, ಮಾಟಗಾತಿ, ಕತ್ತಿವರಸೆಯವಳು, ನರಿಬಾಲದ ಕಳ್ಳಿ, ನಕ್ಷೆ ಬರೆಯುವವಳು, ಹೀಗೆ ಏಳು ಜನ ಹುಡುಗಿಯರು ಅವನಿಗೆ ಮನಸೋಲುತ್ತಾರೆ. ಅವನು ಕಡಿದು ಕಟ್ಟೆ ಹಾಕಿದ್ದು ಮಾತ್ರ ಏನೂ ಇಲ್ಲ. ಮಾಲೆಯನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು. ಎಲ್ಲ ಸಂಪುಟಗಳನ್ನೂ ಅಕ್ಷರ ಬಿಡದೆ ಓದಿದವನು ಕಾಗುಣಿತನೊಬ್ಬನೇ.

ನಿಂತರೆ ನಿಲ್ಲಲಿ ಎನ್ನುವ ಹಾಗಿರಲಿಲ್ಲ. ಮಾಲೆಯ ಚಿತ್ರಗಾರ್ತಿ ಈ ಆಫೀಸಿಗೆ ಬರುತ್ತಿದ್ದುದು ಇದೊಂದೇ ಕೆಲಸಕ್ಕೆ. ಲೇಖಕ ಮನೆ ಬಿಟ್ಟು ಹೊರಗೆ ಬರುವವನಲ್ಲ. ಅವಳೇ ಅವನ ಮನೆಗೆ ಹೋಗಿ ಚಿತ್ರ ತೋರಿಸಿ, ಆಮೇಲೆ ಇಲ್ಲಿಗೆ ತಂದು, ಕಾಗುಣಿತನ ಎದುರಿನ ಕುರ್ಚಿಯಲ್ಲಿ ಕೂತು ಬಣ್ಣ ತಿದ್ದುತ್ತಿದ್ದಳು. ಅವಳು ಬಾರದ ದಿನ ಅವನಿಗೆ ಆಫೀಸು ಬಿಕೋ ಎನ್ನುತ್ತಿತ್ತು. ಬಂದ ದಿನವಾದರೂ ಏನು, ಫ್ಯಾನ್ ಜೋರು ಮಾಡಲೇ ಎಂದು ಕೇಳುವುದರಲ್ಲೇ ಅವನ ಧೈರ್ಯವೆಲ್ಲ ಖರ್ಚಾಗುತ್ತಿತ್ತು. ಪಾಪ, ಅವಳಿಗೆ ಆಗಾಗ ನೆಗಡಿ ಹಿಡಿಯುತ್ತಿತ್ತು.

ಸಭೆಯ ಸುದ್ದಿ ಹಬ್ಬಿದ್ದೇ ತಡ, ಬುದ್ಧಿ ಹೇಳುವವರು ಒಬ್ಬೊಬ್ಬರಾಗಿ ಬಂದರು. ಹೆಣ್ಣುಮಕ್ಕಳಿಗೆ ಬೇರೆ ಕೆಲಸವಿಲ್ಲವೇ, ಆ ಪುಸ್ತಕಕ್ಕೆ ಇವತ್ತೇ ಮಂಗಳ ಹಾಡು ಎಂದಳು ಲೆಕ್ಕಪತ್ರ ನೋಡುವ ಅಕ್ಕ. ನರಿಬಾಲದವಳ ಬಗ್ಗೆ ಒಂದು ಕೆಟ್ಟ ಮಾತಾಡಿದರೂ ನಮ್ಮ ಸ್ನೇಹ ಅಲ್ಲಿಗೇ ಮುಗಿಯಿತು ಎಂದ ಪುಟ ಜೋಡಿಸುವ ಬೊಕ್ಕತಲೆಯವನು. ಕೊನೆಗೆ ಇಬ್ಬರೂ ಕಾಗುಣಿತನ ಮೇಜಿನ ಆಚೀಚೆ ನಿಂತು ಜಗಳಕ್ಕೇ ಬಿದ್ದರು. ಆ ಗಲಾಟೆಯಲ್ಲಿ ನೀರಿನ ಲೋಟ ಉರುಳಿ, ಅವನು ಕಷ್ಟಪಟ್ಟು ಬರೆದುಕೊಂಡಿದ್ದ ಹೊಗಳಿಕೆಯೆಲ್ಲ ತೊಯ್ದು ಮುದ್ದೆಯಾಯಿತು.

ಬರಿಗೈಯಲ್ಲಿ ಸಭೆಗೆ ಹೋದ. ಚಿತ್ರಗಾರ್ತಿಯೂ ಮೂಲೆಯಲ್ಲಿ ಕೂತಿದ್ದಳು. ಹೇಗೋ ಮಾತು ಶುರುಮಾಡಿದ.

"ಗುಣ ಅಂದ್ರೆ, ಸರ್... ಆ ಲೋಕದಲ್ಲಿ ಅವನು ಸಂಜೆ ಮನೆಗೆ ಬರೋದನ್ನ ಯಾರಾದ್ರೂ ಕಾಯ್ತಿರ್ತಾರೆ. ದಿನಾ ತಾನೇ ಬೀಗ ತೆಗೆದು ಕತ್ತಲೆ ಮನೆಗೆ ಹೋಗೋರಿಗೆ ಅದು ಸಣ್ಣ ವಿಷಯ ಅಲ್ಲ."

ಇನ್ನು ದೋಷ ಹೇಳಿ ಎಂದರು ಯಜಮಾನರು. ಅದು ಅವರ ಪದ್ಧತಿ. ಬರೀ ಹೊಗಳಿದವನು ಪುಸ್ತಕ ಓದಿಯೇ ಇಲ್ಲವೆಂದು ಅವರ ಲೆಕ್ಕ, ಅಂಥವನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಹುಡುಗಿಯರು ಏಳು ಜನವಾದರೂ ಮಾತಾಡುವುದು ಒಂದೇ ಥರ, ಉಡುಪು ಬದಲಾಯಿಸಿದರೆ ಯಾರು ಯಾರೆಂದೇ ತಿಳಿಯುವುದಿಲ್ಲ ಎಂದ ಕಾಗುಣಿತ. ಅದು ಎಲ್ಲರಿಗೂ ಗೊತ್ತಿರುವುದೇ, ದೊಡ್ಡ ದೋಷ ಹೇಳಿ ಎಂದರು. ಕಾಗುಣಿತನ ಕಣ್ಣು ತಾನಾಗಿ ಮೂಲೆಯ ಕಡೆ ಹೋಯಿತು.

"ನಕ್ಷೆ ಬರೆಯೋ ಹುಡುಗಿ ಇದ್ದಾಳಲ್ಲ, ಅವನಿಗೆ ನಿಜವಾಗಿ ಇಷ್ಟ ಅವಳೇ. ಪ್ರತಿ ಸಂಪುಟದಲ್ಲೂ ಹತ್ತಿರ ಹೋಗ್ತಾನೆ, ಬಾಯಿಗೆ ಬಂದಿದ್ದನ್ನ ನುಂಗ್ಕೊಂಡು ವಾಪಸ್ ಬರ್ತಾನೆ. ಇಬ್ಬರಲ್ಲಿ ಯಾರಾದ್ರೂ ಒಬ್ರು ಹೇಳ್ಬಿಡ್ಬೇಕು ಸರ್. ಹೀಗೇ ಕಾಯ್ತಾ ಕೂತ್ರೆ ಆಯಸ್ಸೇ ಮುಗಿದುಹೋಗುತ್ತೆ."

ಚಿತ್ರಗಾರ್ತಿ ತಲೆ ತಗ್ಗಿಸಿದಳು. ಅವಳ ಕಣ್ಣು ತುಂಬಿದ್ದನ್ನು ಅವನು ಕಂಡ. ಇಷ್ಟು ಮನಸ್ಸಿಟ್ಟು ಓದುವವರಿರುವಾಗ ಮಾಲೆ ನಿಲ್ಲಿಸುವುದು ಸಲ್ಲದು ಎಂದು ಯಜಮಾನರು ತೀರ್ಪು ಕೊಟ್ಟರು. ಕಾಗುಣಿತನ ಕಾಲು ನೆಲದ ಮೇಲಿರಲಿಲ್ಲ. ಇನ್ನು ಎಷ್ಟೋ ಕಾಲ ಅವಳು ಬರುತ್ತಾಳೆ, ಎದುರಿಗೇ ಕೂರುತ್ತಾಳೆ.

ಸಂಜೆ ಅವಳೇ ಅವನ ಮೇಜಿನ ಹತ್ತಿರ ಬಂದಳು. "ನಿಮ್ಮ ಮಾತು ಎದೆಗೆ ನಾಟ್ತು. ನಾನೂ ಒಬ್ರ ಎದುರು ಕೂತು, ಅವರೇ ಹೇಳ್ಲಿ ಅಂತ ಕಾಯ್ತಾ ಇದ್ದೆ."

ಅವನು ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ, ಫ್ಯಾನಿಗೆ ಸಂಬಂಧಪಡದ ಒಂದು ಮಾತು ತುಟಿಯವರೆಗೆ ಬಂದಿತ್ತು.

"ಅದಕ್ಕೇ ಈಗ್ತಾನೇ ಫೋನ್ ಮಾಡಿ ಹೇಳ್ಬಿಟ್ಟೆ, ಲೇಖಕರಿಗೆ. ಅವರಿಗೂ ಇಷ್ಟ ಇತ್ತಂತೆ, ಧೈರ್ಯ ಇರ್ಲಿಲ್ವಂತೆ." ಅವಳ ಮುಖದಲ್ಲಿ ಬೆಳಕೇ ಬೆಳಕು. ಇನ್ನು ಮೇಲೆ ಚಿತ್ರಗಳನ್ನೆಲ್ಲ ಅಲ್ಲೇ ಕೂತು ಬರೆಯುತ್ತೇನೆ, ಇಲ್ಲಿಗೆ ಓಡಾಡುವುದು ತಪ್ಪಿತು ಎಂದಳು.

ತುಂಬಾ ಒಳ್ಳೆಯದಾಯಿತು ಎಂದ ಕಾಗುಣಿತ. ಅವಳ ಸಂತೋಷ ನೋಡಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಅವಳು ಬಣ್ಣದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟಳು. ಮೆಟ್ಟಿಲಿಳಿಯುವ ಸದ್ದು ಕೇಳದಾಗುವವರೆಗೂ ಅವನು ನಿಂತೇ ಇದ್ದ.

ಅಷ್ಟರಲ್ಲಿ ಯಜಮಾನರು ಬಂದರು. ಲೇಖಕನ ಫೋನ್ ಬಂದಿತ್ತಂತೆ. ಒಬ್ಬಳೇ ಕಣ್ಣು ತುಂಬ ಇರುವಾಗ ಏಳು ಜನರ ಬಗ್ಗೆ ಬರೆಯಲು ಇನ್ನು ಕೈ ಓಡುವುದಿಲ್ಲ ಎಂದನಂತೆ.

"ಮಾಲೆ ಉಳಿಸಿದವರು ನೀವು, ಮುಂದಿನದನ್ನ ನೀವೇ ಬರೀರಿ," ಎಂದು ಯಜಮಾನರು ಅವನ ಬೆನ್ನು ತಟ್ಟಿದರು. "ಇಂಥದ್ದನ್ನೆಲ್ಲ ಒಂಟಿಯಾಗಿರೋರೇ ಚೆನ್ನಾಗಿ ಬರೆಯೋದು."