ಗಾಳಿಯ ತಿಕ್ಕಾಟ ಅಳೆಯಲು ಹೊರಟ ನಮ್ಮಣ್ಣ

ನಮ್ಮಣ್ಣನಿಗೆ ಈ ಲೋಕದಲ್ಲಿ ಇದ್ದದ್ದು ಒಬ್ಬನೇ ವೈರಿ: ಗಾಳಿ! ಹಾಗೆಂದು ಅವನಿಗೆ ದಮ್ಮು, ಕೆಮ್ಮು ಇತ್ತೆಂದು ತಿಳಿಯಬೇಡಿ. ಗಾಳಿ ತನ್ನ ಮುಂದೆ ಸುಳ್ಳು ಹೇಳುತ್ತದೆ ಎಂಬುದು ಅವನ ದೂರು.

ಮನುಷ್ಯರು ಸುಳ್ಳು ಹೇಳುವುದು ಸರಿ, ಗಾಳಿಯೂ ಹೇಳುತ್ತದೆಯೇ? ಕೇಳಿ. ಅಣ್ಣ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿದ್ದ. ದೊಡ್ಡದೊಂದು ಕೊಳವೆಯೊಳಗೆ ಜೋರಾಗಿ ಗಾಳಿ ಬಿಟ್ಟು, ಅದು ವಿಮಾನದ ಮೈಯನ್ನು ಎಷ್ಟು ತಿಕ್ಕಿ ಎಳೆಯುತ್ತದೆಂದು ಅಳೆಯುವುದು ಅವನ ಕೆಲಸ. ಅವನ ಅಳತೆ ಮಾತ್ರ ಯಾವಾಗಲೂ ಉಳಿದವರದ್ದಕ್ಕಿಂತ ಹೆಚ್ಚು ಬರುತ್ತಿತ್ತು. "ತಪ್ಪು ಗಾಳಿಯದಲ್ಲ, ನಿಮ್ಮದು" ಎಂದರಂತೆ ಅಲ್ಲಿಯ ದೊಡ್ಡ ಸಾಹೇಬರು. ಆ ತಪ್ಪನ್ನು ಹುಡುಕಿಕೊಂಡೇ ಮರಳಿ ಬರುತ್ತೇನೆಂದು ಅಣ್ಣ ರಜೆ ಹಾಕಿ, ಅತ್ತಿಗೆಯನ್ನು ಕರೆದುಕೊಂಡು ನಮ್ಮೂರು ಮಸ್ಕಿಗೆ ಬಂದುಬಿಟ್ಟ. ಸಿಗದಿದ್ದರೆ ಕೆಲಸಕ್ಕೂ ದೊಡ್ಡ ನಮಸ್ಕಾರ!

ನಿಜಾಮನ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ಅಪ್ಪ, ನಾನು ಸೇರಿ ಮನೆಯ ಹಿಂದೆಯೇ ಹಿಟ್ಟಿನ ಗಿರಣಿ ನಡೆಸುತ್ತಿದ್ದೆವು. ಅಣ್ಣನ ಕಣ್ಣು ನೇರವಾಗಿ ನಮ್ಮ ಇಂಜಿನ್ನಿನ ಮೇಲೆ ಬಿತ್ತು.

"ಅಪ್ಪಾ, ಇಂಜಿನ್ ಒಂದೀಟು ಬೇಕಾಗೈತಿ."

"ಯಾತಕ್ಕಲೇ?"

"ಗಾಳಿ ಬೀಸಾಕ."

"ಜ್ವಾಳ ಬೀಸಾಕ ಮಂದಿ ಪಾಳಿ ಹಚ್ಚಿ ನಿಂತಾರ. ನೀ ಗಾಳಿ ಬೀಸಿ ರೊಟ್ಟಿ ಬಡೀತಿಯೇನು?"

ಕಡೆಗೆ, ಗಿರಾಕಿಗಳಿಲ್ಲದ ಮಧ್ಯಾಹ್ನ ಅಣ್ಣನ ಪಾಲಿಗೆ ಬಂತು. ತಗಡು ಬಾಗಿಸಿ ಕೊಳವೆಯಾಯಿತು, ಇಂಜಿನ್ನಿನ ಪಟ್ಟಾಕ್ಕೆ ಪಂಖ ಸೇರಿತು. ಕೊಳವೆಯ ಒಂದು ಮಗ್ಗುಲನ್ನು ಮಣ್ಣಿನ ಗೋಡೆಗೆ ಆನಿಸಿ, ಆ ಕಡೆಯ ತಗಡಿನಲ್ಲಿ ರೂಪಾಯಿಯಗಲದ ತೂತು ಕೊರೆದ. ಅದರಲ್ಲಿ ಅದಕ್ಕಿಂತ ತುಸುವೇ ಸಣ್ಣ ಬಿಲ್ಲೆಯೊಂದು ಯಾವುದಕ್ಕೂ ತಾಗದೆ, ತೆಳ್ಳನೆಯ ಸ್ಪ್ರಿಂಗಿನ ಆಧಾರದಲ್ಲಿ ನಿಲ್ಲಬೇಕು. ಗಾಳಿ ತಿಕ್ಕಿದರೆ ಬಿಲ್ಲೆ ತುಸು ಸರಿಯುತ್ತದೆ, ಅದಕ್ಕೆ ಕಟ್ಟಿದ ಉದ್ದನೆಯ ಮುಳ್ಳು ಎಷ್ಟು ಸರಿಯಿತೆಂದು ತೋರಿಸುತ್ತದೆ. ಇಷ್ಟೇ!

ಸ್ಪ್ರಿಂಗಿಗಾಗಿ ಇಬ್ಬರೂ ಲಿಂಗಸುಗೂರಿಗೆ ಹೋದೆವು.

"ಯಾವ ಗಡಿಯಾರದ್ದು ಬೇಕ್ರೀ?" ಎಂದ ಗಡಿಯಾರ ರಿಪೇರಿಯವನು.

"ಗಡಿಯಾರಕ್ಕಲ್ರಿ, ಗಾಳಿಗೆ" ಎಂದ ಅಣ್ಣ.

ಅವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?"

ಮರಳುವಾಗ ಬಸ್ಸಿನಲ್ಲಿ ಅಣ್ಣ ಸ್ಪ್ರಿಂಗನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದ. ಪ್ರತಿ ತಗ್ಗಿಗೂ "ಸಾವಕಾಶ, ಸಾವಕಾಶ!" ಎಂದು ಕೂಗುತ್ತಿದ್ದ. ಡ್ರೈವರ್ ಬಸ್ಸು ನಿಲ್ಲಿಸಿಯೇಬಿಟ್ಟ. "ಯಾರರ ಬಸರಿ ಹೆಣ್ಮಕ್ಕಳು ಅದಾರೇನ್ರಿ?"

ಮೊದಲ ದಿನವೇ ಮುಳ್ಳು ಹುಚ್ಚೆದ್ದು ಕುಣಿಯಿತು. ನೋಡಿದರೆ ಬಿಲ್ಲೆಯ ಸುತ್ತಲಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು! ಅದನ್ನು ತೆಗೆದರೆ ಇಂಜಿನ್ನಿನ ನಡುಕ. ಕೊಳವೆಯ ಅಡಿಗೆ ಹತ್ತಿಯ ಚೀಲ ಹಾಸಿದ್ದಾಯಿತು. ಆಮೇಲೆ ಅಂಚಿನ ಪೇಚು. ಬಿಲ್ಲೆ ಕೂದಲೆಳೆಯಷ್ಟು ಮೇಲೆದ್ದು ಕೂತರೂ ಗಾಳಿ ಅದರ ಅಂಚನ್ನು ಹಿಡಿದು ದೂಡುತ್ತದಂತೆ. ತಿಕ್ಕಿದ್ದರ ಜೊತೆಗೆ ದೂಡಿದ್ದೂ ಸೇರಿ ಅಳತೆ ಹೆಚ್ಚಾಗುತ್ತದಂತೆ. ಹಾಗಾಗಿ ಅಣ್ಣ ಕಣ್ಣು ಮುಚ್ಚಿ ಬಿಲ್ಲೆಯ ಅಂಚನ್ನು ಬೆರಳಿನಿಂದ ಸವರುತ್ತ ತಾಸುಗಟ್ಟಲೆ ಕೂರುತ್ತಿದ್ದ.

"ನನ್ನ ನೋಡಾಕ ಬಂದಾಗ ಸೈತ ಇಷ್ಟು ನೋಡಿಲ್ಲ ಬಿಡ್ರಿ ಇವರು" ಎಂದರು ಅತ್ತಿಗೆ.

ಅಣ್ಣ ಕಣ್ಣು ತೆರೆಯದೆಯೇ ಹೇಳಿದ: "ಆಗ ಇಷ್ಟು ತಿಳುವಳಿಕಿ ಇದ್ದಿಲ್ಲ."

ಅವತ್ತು ಅವನ ರೊಟ್ಟಿಗೆ ಬೆಣ್ಣೆ ಬೀಳಲಿಲ್ಲ!

ಇಷ್ಟಾದರೂ ಕೆಲವು ದಿನ ಮುಳ್ಳು ನೆಟ್ಟಗೆ ನಿಲ್ಲುವುದು, ಕೆಲವು ದಿನ ಕುಣಿಯುವುದು. ಅಣ್ಣ ನನ್ನ ಸೀನನ್ನು ಅನುಮಾನಿಸಿದ, ಪಾರಿವಾಳಗಳನ್ನು ಅನುಮಾನಿಸಿದ, ಗಿರಣಿಯಲ್ಲಿ ನಗುವುದನ್ನೇ ನಿಷೇಧಿಸಿದ. ಕಡೆಗೆ ಸಿಕ್ಕಿತು: ಗೋಡೆಯಲ್ಲೊಂದು ಬಿರುಕು! ಬಿರುಗಾಳಿಯ ದಿನ ಹೊರಗಿನ ಗಾಳಿ ಅದರಿಂದ ನುಗ್ಗಿ, ಬಿಲ್ಲೆಯ ಹಿಂದೆ ಸೇರಿ ಅದನ್ನು ಅಲುಗಿಸುತ್ತಿತ್ತು. ಅಣ್ಣ ಕುಣಿದಾಡಿ, ಕೊಳವೆ ಸರಿಸಿ ಮಣ್ಣು ಮೆತ್ತಿದ.

ಅದೇ ವಾರ ಬೆಂಗಳೂರಿನ ದೊಡ್ಡ ಸಾಹೇಬರು ಹೊಸ ಕಾಲುವೆಯಲ್ಲಿ ನೀರಿನ ಹರಿವು ಅಳೆಯುವ ಕೆಲಸಕ್ಕೆ ಸಿಂಧನೂರಿಗೆ ಬಂದಿದ್ದರು. ಅಣ್ಣ ಹೋಗಿ ಕಾಡಿ ಬೇಡಿ ಜೀಪಿನಲ್ಲಿ ಕರೆತಂದ. ಸುಡುವ ಮಧ್ಯಾಹ್ನ, ಹೊರಗೆ ಧೂಳೆಬ್ಬಿಸುವ ಗಾಳಿ. ನಾನು ಇಂಜಿನ್ ಚಾಲೂ ಮಾಡಿದೆ. ಆ ನಡುಕಕ್ಕೆ, ಮೆತ್ತಿದ ಮಣ್ಣು ದೊಪ್ಪನೆ ಕಳಚಿ ಬಿತ್ತು! ಕೊಳವೆಯ ಹಿಂದಿನ ಬಿರುಕು ಒಳಗಿನಿಂದ ನಮ್ಮ ಕೈಗೂ ನಿಲುಕುವಂತಿರಲಿಲ್ಲ.

ಅಣ್ಣನ ಮುಖ ಬಿಳಿಚಿತು. "ಮುಗೀತು ತಮ್ಮಾ" ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೂ ಅದು ಕೇಳಿಸಿತು.

ಆದರೆ ಮುಳ್ಳು ಕುಣಿಯಲಿಲ್ಲ, ತುಸು ಸರಿದು ನೆಟ್ಟಗೆ ನಿಂತಿತು! ಸಾಹೇಬರು ಬಿಲ್ಲೆಯನ್ನು ತುಸು ಎತ್ತಿಸಿದರು, ಅಳತೆ ಏರಿತು. ಸಮಕ್ಕೆ ತಂದರು, ಇಳಿಯಿತು. ಮತ್ತೆ ಮತ್ತೆ ಮಾಡಿ ನೋಡಿದರು. "ಬೆಂಗಳೂರಿನಲ್ಲಿ ನಿಮ್ಮ ಬಿಲ್ಲೆ ಸಮನಾಗಿ ಕೂತಿರಲಿಲ್ಲ, ಅಷ್ಟೇ. ಬನ್ನಿ, ಬಂದು ಅಲ್ಲಿಯೂ ಇದನ್ನೇ ತೋರಿಸಿ" ಎಂದರು.

ಅಪ್ಪ ಹಿಗ್ಗಿ ಸಾಹೇಬರ ಕೈಗೆ ಮಜ್ಜಿಗೆ ಕೊಟ್ಟ. ಅಣ್ಣ ಹಿಗ್ಗಿದನೇ? ಇಲ್ಲ! ಮುಳ್ಳನ್ನೇ ದುರುಗುಟ್ಟಿ ನೋಡುತ್ತಿದ್ದ. "ಇದು ಯಾಕ ನಿಂತೈತಿ? ಕುಣೀಬೇಕಿತ್ತಲ್ಲ!" ಎನ್ನುತ್ತ ಹೊರಗೋಡಿದ. ನಾನೂ ಹಿಂದೆ ಓಡಿದೆ.

ಗೋಡೆಯ ಆಚೆ ಅತ್ತಿಗೆ ನಿಂತಿದ್ದರು. ಬಿರುಕಿಗೆ ಬೆನ್ನು ಒತ್ತಿ, ಕೈಗಳೆರಡನ್ನೂ ಗೋಡೆಗೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ. ತಲೆಯ ತುಂಬ ಕೆಂಪು ಧೂಳು, ಮುಖದಲ್ಲಿ ಬೆವರು ಹರಿದು ಗೆರೆ ಮೂಡಿತ್ತು. ಆ ಗೋಡೆ ಹೆಂಚಿನಂತೆ ಕಾದಿತ್ತು.

"ಯಾವಾಗಿಂದ ನಿಂತೀಯೇ ಹಿಂಗ?" ಎಂದ ಅಣ್ಣ.

"ಮಣ್ಣು ಬಿದ್ದಾಗಿಂದ" ಎಂದರು ಅತ್ತಿಗೆ, ಬೆನ್ನು ತೆಗೆಯದೆಯೇ. "ಇನ್ನ ಸರೀಲೇನ್ರಿ? ಮುಳ್ಳು ಕುಣಿಯೂದಿಲ್ಲಲ್ಲ?"

ಅಣ್ಣ ಅವರನ್ನು ಗೋಡೆಯಿಂದ ಬಿಡಿಸಿದ. ಅವರ ಕೈ ಹಿಡಿದು ಬೇವಿನ ನೆರಳಿಗೆ ಕರೆದೊಯ್ದು ಕೂರಿಸಿದ. ಹೆಗಲ ಮೇಲಿನ ವಲ್ಲಿ ತೆಗೆದು ಮೆಲ್ಲಗೆ ಗಾಳಿ ಬೀಸತೊಡಗಿದ.

ಒಳಗಿನಿಂದ ಸಾಹೇಬರು ಕೂಗಿದರು: "ಇನ್ನೊಂದು ಸಲ ಅಳೆಯೋಣವೇನ್ರಿ?"

ಅಣ್ಣ ತಿರುಗಿ ನೋಡಲಿಲ್ಲ. ಬೀಸುತ್ತಲೇ ಇದ್ದ.