ಪಿಪಿಗೆ ಜಾಗವಿಲ್ಲದ ಖಾನೆ

ಬಚ್ಚಪ್ಪನ ತಾಪತ್ರಯಕ್ಕೆಲ್ಲ ಎರಡೇ ಅಕ್ಷರ ಕಾರಣ: ಪಿಪಿ. ದೊಡ್ಡಬಳ್ಳಾಪುರದ ಅವನ ಬೀದಿಗೆಲ್ಲ ಇದ್ದದ್ದು ಎದುರುಮನೆ ಗೋಪಾಲಪ್ಪನ ಫೋನೊಂದೇ. ಆ ನಂಬರಿನ ಪಕ್ಕ ಪಿಪಿ ಎಂದು ಬರೆದರೆ, ಫೋನು ಬೇರೆಯವರದು, ದಯವಿಟ್ಟು ನಮ್ಮನ್ನು ಕರೆಸಿ ಎಂದರ್ಥ. ಲಗ್ನಪತ್ರಿಕೆಯಲ್ಲೂ ಬಚ್ಚಪ್ಪ ಹಾಗೇ ಹಾಕಿಸಿದ್ದ.

ಇವತ್ತು ಮಾತ್ರ ಕಂಪ್ಯೂಟರಿನಲ್ಲಿ ಅರ್ಜಿ ತುಂಬಬೇಕಿತ್ತು. ಮುಂಬಯಿಯ ಸೀರೆ ಕಂಪನಿಯೊಂದು ನೇಕಾರರಿಗೇ ನೇರವಾಗಿ ಆರ್ಡರ್ ಕೊಡುತ್ತದಂತೆ. ಇಂಟರ್‌ನೆಟ್ಟಿನಲ್ಲಿ ಹೆಸರು, ಫೋನು ಕೊಟ್ಟರೆ ಸಂಜೆಯೊಳಗೆ ಅವರೇ ಮಾತಾಡುತ್ತಾರಂತೆ. ಹದಿನೆಂಟು ವರ್ಷ ಸಾಹುಕಾರರ ಸೀರೆ ಕೂಲಿಗೆ ನೇಯ್ದವನಿಗೆ ಇದ್ದದ್ದು ಒಂದೇ ಆಸೆ, ತನ್ನ ಮಗ್ಗದಲ್ಲಿ ತನ್ನದೇ ಆರ್ಡರ್ ಓಡಬೇಕು.

ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಸೆಂಟರಿಗೆ ಗೋಪಾಲಪ್ಪನೂ ಬಂದ. ಯಾರೂ ಕರೆದಿರಲಿಲ್ಲ.

ಫೋನಿನ ಖಾನೆಯಲ್ಲಿ ಬ್ರಾಕೆಟ್ಟಿನೊಳಗೆ ಐದು ಗೀಟು, ಆಚೆ ಐದು ಗೀಟು ಮೊದಲೇ ಸಾಲಾಗಿ ಕೂತಿದ್ದವು. ಬಚ್ಚಪ್ಪ 'ಪಿ' ಒತ್ತಿದ. ಏನೂ ಮೂಡಲಿಲ್ಲ. ನೊಣ ಹೊಡೆಯುವಂತೆ ಕುಟ್ಟಿದ. ಊಹೂಂ.

"ಅನಿತಮ್ಮಾ, ನಿನ್ ಮಿಷನ್ ಕೆಟ್ಟೋಗೈತೆ!"

"ಇಲ್ಲಣ್ಣಾ, ಅಲ್ಲಿ ಅಂಕಿ ಬಿಟ್ರೆ ಇನ್ನೇನೂ ಕೂರಲ್ಲ. ಬ್ರಾಕೆಟ್ಟೂ ಅದೇ ಹಾಕಿರುತ್ತೆ" ಎಂದಳು ಸೆಂಟರ್ ನಡೆಸುವ ಅನಿತ.

"ಪಿಪಿ ಇಲ್ದೆ ನನ್ನ ಹೆಂಗೆ ಕರೆಸ್ತಾರೆ?"

"ಲೇ, ಬಿಟ್ಹಾಕೋ ಪಿಪಿನ! ನಂಬರ್ ನಂದು, ನಾನಿಲ್ವಾ?" ಎಂದ ಗೋಪಾಲಪ್ಪ.

ಬಚ್ಚಪ್ಪ ಗೀಟುಗಳನ್ನೇ ದಿಟ್ಟಿಸಿದ. ಇದ್ದಕ್ಕಿದ್ದಂತೆ ತೊಡೆ ತಟ್ಟಿದ. "ಇದು ನಮ್ ಮಗ್ಗದ ಜಕಾರ್ಡ್ ರಟ್ಟಿದ್ದಂಗೆ ಕಣಮ್ಮಾ! ತೂತಿದ್ ಕಡೆ ಎಳೆ ಏಳುತ್ತೆ, ಇಲ್ದಿದ್ ಕಡೆ ಜಪ್ಪಯ್ಯ ಅಂದ್ರೂ ಏಳಲ್ಲ!"

ಹತ್ತು ಅಂಕಿ ಟಕಟಕನೆ ಒತ್ತಿದ. ಅಂಕಿಗಳು ತಮ್ಮ ತಮ್ಮ ಗೀಟಿನ ಮೇಲೆ ಸರಿಯಾಗಿ ಕೂತವು, ಅರ್ಜಿ ಹೋಯಿತು. ಪಕ್ಕದ ಕಂಪ್ಯೂಟರುಗಳಲ್ಲಿ ಬೆಳಗಿನಿಂದ ಅದೇ ಖಾನೆಯೊಡನೆ ಗುದ್ದಾಡುತ್ತಿದ್ದ ನಾಲ್ವರು ನೇಕಾರರಿಗೂ ಅವನೇ ಹೇಳಿಕೊಟ್ಟ. ಅವರೆಲ್ಲ ಚಪ್ಪಾಳೆ ಹೊಡೆದರು. ಕಂಪ್ಯೂಟರನ್ನೇ ಗೆದ್ದ ಖುಷಿಯಲ್ಲಿ ಬಚ್ಚಪ್ಪ ಮನೆಗೆ ಬಂದು ಮಗ್ಗ ಒರೆಸಿ ಕುಂಕುಮ ಇಟ್ಟ. ಹೆಂಡತಿ ವರಲಕ್ಷ್ಮಮ್ಮ ಪಾಯಸಕ್ಕಿಟ್ಟಳು.

ಆರು ಗಂಟೆಗೆ ಗೋಪಾಲಪ್ಪ ಪೇಡದ ಡಬ್ಬಿ ಹಿಡಿದು ಓಡಿಬಂದ. "ಬಂತು ಕಣೋ ಆರ್ಡರ್! ನೂರು ಸೀರೆ!"

ಬಚ್ಚಪ್ಪ ಅವನನ್ನು ತಬ್ಬಿಕೊಂಡೇಬಿಟ್ಟ. ಎರಡು ಪೇಡ ಒಟ್ಟಿಗೆ ಬಾಯಿಗಿಟ್ಟು ಕೇಳಿದ, "ನನ್ನ ಯಾಕಣ್ಣಾ ಕರೀಲಿಲ್ಲ?"

"ಪಿಪಿ ಇರ್ಲಿಲ್ವಲ್ಲಪ್ಪಾ! ನಂಬರ್ ನಿಮ್ದೇನಾ ಅಂದ್ರು, ಹೌದು ಅಂದೆ. ಹಂಗಾದ್ರೆ ಯಜಮಾನ್ರು ನೀವೇ ಅಂತ ಆರ್ಡರ್ ನನ್ ಹೆಸರಿಗೇ ಬರ್ಕೊಂಡ್ರು."

"ಅರ್ಜೀಲಿ ನನ್ ಹೆಸರೈತಲ್ಲಣ್ಣಾ!"

"ಕೇಳಿದ್ರಪ್ಪಾ, ಬಚ್ಚಪ್ಪ ಯಾರು ಅಂತ. ನಮ್ ಮಗ್ಗ ಓಡ್ಸೋನು ಅಂದೆ."

ಬಚ್ಚಪ್ಪ ಬಾಯಲ್ಲಿ ಉಳಿದಿದ್ದ ಪೇಡ ಉಗಿದ. "ಮಗ್ಗ ಎಲ್ಲೈತೆ ನಿಂಗೆ?"

"ನಿಂದೈತಲ್ಲಾ!" ಗೋಪಾಲಪ್ಪ ಭುಜ ತಟ್ಟಿದ. "ನಾಳೆಯಿಂದ್ಲೇ ಶುರು ಮಾಡು. ಹಳೇ ಸಾಹುಕಾರ ಕೊಡೋ ಕೂಲೀನೇ ಕೊಡ್ತೀನಿ, ಕಮ್ಮಿ ಮಾಡಲ್ಲ ಕಣೋ."