ಶೇಷ ಸೊನ್ನೆ

"ಒಂದೇ ಒಂದು ಟೈಲನ್ನೂ ಕತ್ತರಿಸದೆ ಈ ಕೋಣೆಗೆ ನೆಲ ಹಾಕಿಸದಿದ್ದರೆ ನಾನು ಗಣಿತದ ಮೇಷ್ಟ್ರೇ ಅಲ್ಲ!"

ಅಳತೆ ಟೇಪನ್ನು ಗದೆಯಂತೆ ಹೆಗಲಿಗೇರಿಸಿ ಮೇಷ್ಟ್ರು ಹೆಂಡತಿಯ ಎದುರು ಶಪಥ ಮಾಡಿದರು. ಮುಂದಿನ ಕೋಣೆಯಲ್ಲಿ ಆಕೆ ಭಾನುವಾರ ಹೊಲಿಗೆ ತರಗತಿ ಶುರು ಮಾಡುವವಳಿದ್ದಳು. ಮೂರು ವರ್ಷದ ಆಸೆ. ನಾಲ್ಕು ಹೆಣ್ಣುಮಕ್ಕಳು ಆಗಲೇ ಹೆಸರು ಬರೆಸಿದ್ದರು. ಹಳೆಯ ನೆಲವೋ ಹಳ್ಳದಿಣ್ಣೆ, ಹೊಲಿಗೆ ಮಷಿನ್ನು ಇಟ್ಟರೆ ಲಡಲಡ ಅಲ್ಲಾಡುತ್ತಿತ್ತು.

"ನೋಡು, ಉದ್ದ ಮುನ್ನೂರ ಹದಿನೈದು ಸೆಂಟಿಮೀಟರ್. ಒಡೆದರೆ ಮೂರು, ಮೂರು, ಐದು, ಏಳು. ಅಗಲ ಇನ್ನೂರ ಎಪ್ಪತ್ತು. ಅಂದರೆ ಎರಡು, ಮೂರು, ಮೂರು, ಮೂರು, ಐದು. ಎರಡರಲ್ಲೂ ಇರೋ ಅವಿಭಾಜ್ಯ ಅಪವರ್ತನಗಳು? ಮೂರು, ಮೂರು, ಐದು. ಗುಣಿಸು, ನಲವತ್ತೈದು! ನಲವತ್ತೈದರ ಚೌಕ ಟೈಲು, ಏಳು ಸಾಲು, ಸಾಲಿಗೆ ಆರು. ಒಟ್ಟು ನಲವತ್ತೆರಡು. ಶೇಷ ಸೊನ್ನೆ!"

"ಹೊಲಿಗೆಗೆ ಸ್ವಲ್ಪ ಬಿಟ್ಟಿದ್ದೀರೇನ್ರೀ?"

"ಇದು ಅಂಗಿ ಅಲ್ಲ ಕಣೇ, ನೆಲ!"

ಅಂಗಡಿಯಲ್ಲಿ ಟೈಲ್ಸ್ ಹಾಕುವವನೂ ಗೋಗರೆದ. "ಸಾರ್, ಐದು ಜಾಸ್ತಿ ತಗೊಳ್ಳಿ. ಈ ಬಣ್ಣದ್ದು ಇಷ್ಟೇ ಉಳಿದಿರೋದು."

"ಲೆಕ್ಕ ಒಡೆಯಲ್ಲಯ್ಯ!" ಎಂದರು ಮೇಷ್ಟ್ರು. ಮಿಕ್ಕಿದ್ದನ್ನು ಹಿಂದೆ ನಿಂತಿದ್ದ ಗಿರಾಕಿ ಬಾಚಿಕೊಂಡು ಹೋದ.

ಶುಕ್ರವಾರ ಕೆಲಸ ಶುರುವಾಯಿತು. ಎರಡು ಟೈಲು ಕೂರಿಸಿದವನು ನಡುವೆ ಪುಟ್ಟ ಪ್ಲಾಸ್ಟಿಕ್ ತುಂಡು ಸಿಕ್ಕಿಸಿದ.

"ಇದೇನಯ್ಯ?"

"ಸಂದು ಸಾರ್. ಮೂರು ಮಿಲಿಮೀಟರ್ ಬಿಡಲೇಬೇಕು. ಇಲ್ಲಾಂದ್ರೆ ಸೆಕೆಗೆ ಉಬ್ಬಿ ಎದ್ದುಬಿಡುತ್ತೆ."

ಮೇಷ್ಟ್ರು ಮನಸ್ಸಲ್ಲೇ ಲೆಕ್ಕ ಹಾಕಿದರು. ಏಳು ಟೈಲಿಗೆ ಆರು ಸಂದು. ಆರು ಮೂರಲೆ ಹದಿನೆಂಟು ಮಿಲಿಮೀಟರ್! ಗೋಡೆಯನ್ನು ಹಿಂದಕ್ಕೆ ತಳ್ಳುವ ಸೂತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಅದಕ್ಕೇ ಕೇಳಿದ್ದು, ಹೊಲಿಗೆಗೆ ಬಿಟ್ಟಿದ್ದೀರಾ ಅಂತ," ಎಂದಳು ಹೆಂಡತಿ. ಅಷ್ಟೇ. ಆಮೇಲೆ ಮಾತೇ ಇಲ್ಲ. ನಾಲ್ಕು ಬೈದಿದ್ದರೂ ಮೇಷ್ಟ್ರಿಗೆ ನೆಮ್ಮದಿಯಾಗುತ್ತಿತ್ತು.

ಉದ್ದಕ್ಕೂ ಅಗಲಕ್ಕೂ ಒಂದೊಂದು ಅಂಚಿನಂತೆ ಒಟ್ಟು ಹನ್ನೆರಡು ಟೈಲುಗಳನ್ನು ಕತ್ತರಿಸಬೇಕಾಯಿತು. ಒಂದು ಒಡೆದರೂ ಬದಲಿಗೆ ಗತಿಯಿಲ್ಲ! ಯಂತ್ರ ಕಿರ್ರೆಂದಾಗಲೆಲ್ಲ ಮೇಷ್ಟ್ರು ಬೆರಳು ಮಡಚಿ ಎಣಿಸಿದರು. ಐದಾಯಿತು. ಒಂಬತ್ತಾಯಿತು. ಹನ್ನೊಂದೂ ದಾಟಿತು. ಉಳಿದದ್ದು ಬಾಗಿಲ ಮೂಲೆಯದು, ಎರಡು ಕಡೆ ಕತ್ತರಿಸಬೇಕಾದದ್ದು. ಒಂದು ಕಡೆ ಮುಗಿಯಿತು.

"ನಿಧಾನ ಕಣಯ್ಯಾ!" ಎಂದು ಮೇಷ್ಟ್ರು ಕಿರುಚಿದರು. ಟೈಲ್ಸಿನವನು ಬೆಚ್ಚಿದ, ಕೈ ಜಾರಿತು. ಟೈಲು ನುಚ್ಚುನೂರಾಯಿತು.

ಅಂಗಡಿಗೆ ಫೋನ್ ಮಾಡಿದರೆ, "ಮುಂದಿನ ತಿಂಗಳು ಬರುತ್ತೆ ಸಾರ್."

"ಸಿಮೆಂಟಾದ್ರೂ ಮೆತ್ತಯ್ಯ!" ಎಂದು ಮೇಷ್ಟ್ರು ಟೈಲ್ಸಿನವನತ್ತ ತಿರುಗಿದರು.

"ಆಮೇಲೆ ಅದನ್ನ ಕೀಳಕ್ಕೆ ಹೋದ್ರೆ ಪಕ್ಕದ್ದೂ ಒಡೆಯುತ್ತೆ. ಹಾಗೇ ಬಿಡಿ."

ಭಾನುವಾರ ಬಂತು. ಹೊಸ ನೆಲದ ಮೇಲೆ ಮಷಿನ್ನು ಒಂದಿಷ್ಟೂ ಅಲ್ಲಾಡಲಿಲ್ಲ. ಬಾಗಿಲ ಮೂಲೆಯಲ್ಲಿ ಮಾತ್ರ ಗುಂಡಿ ಬಾಯಿ ತೆರೆದುಕೊಂಡಿತ್ತು. ಹೆಂಡತಿ ಎರಡು ದಿನದ ಮೌನ ಮುರಿದಳು.

"ಬಂದವರು ಯಾರೂ ಎಡವಿ ಬೀಳಬಾರದು. ಕ್ಲಾಸ್ ಮುಗಿಯೋವರೆಗೂ ಇದರಲ್ಲಿ ನಿಂತಿರಿ. ಅಲ್ಲಾಡಕೂಡದು."

ಮೇಷ್ಟ್ರು ಗುಂಡಿಗಿಳಿದು ನಿಂತರು. ಅರ್ಧ ಗಂಟೆಯಾಯಿತು. ಬಂದವರಲ್ಲಿ ಒಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಅವಳಿಗೆ ತಡೆಯಲಾಗಲಿಲ್ಲ.

"ಮೇಡಂ, ಸಾರ್ ಯಾಕೆ ಆಗಿನಿಂದ ಮೂಲೇಲೇ ನಿಂತಿದ್ದಾರೆ?"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅವರಾ? ಲೆಕ್ಕದಲ್ಲಿ ಉಳಿದ ಶೇಷ ಕಣಮ್ಮ!"